ಕ್ರಿಮಿನಲ್ ಪ್ರಕರಣಗಳಲ್ಲಿ ಪ್ರತ್ಯಕ್ಷ ಸಾಕ್ಷ್ಯ: ವಿಶ್ವಾಸಾರ್ಹತೆಯ ಪರಿಶೀಲನೆ

ಪೀಠಿಕೆ

ಅಪರಾಧ ಕೃತ್ಯವನ್ನು ಕಣ್ಣಾರೆ ಕಂಡು, ಅದನ್ನು ನ್ಯಾಯಾಲಯದಲ್ಲಿ ಪ್ರಮಾಣಪೂರ್ವಕವಾಗಿ ನುಡಿಯುವ ವ್ಯಕ್ತಿಯನ್ನು ಪ್ರತ್ಯಕ್ಷ ಸಾಕ್ಷಿ ಎಂದು ಕರೆಯಲಾಗುತ್ತದೆ. ಇಂತಹ ಒಬ್ಬರ ಮಾತಿನ ಆಧಾರದ ಮೇಲೆ ಆರೋಪಿಗೆ ಜೀವಾವಧಿ ಶಿಕ್ಷೆಯೂ ಆಗಬಹುದು. ಸುಳ್ಳು ಹೇಳುವ ಉದ್ದೇಶ ಲವಲೇಶವೂ ಇಲ್ಲದ ಸಾಕ್ಷಿಯೂ ವ್ಯಕ್ತಿಯನ್ನು ತಪ್ಪಾಗಿ ಗುರುತಿಸುವ ಸಂಭವವಿರುತ್ತದೆ. ಆದ್ದರಿಂದ ಸಾಕ್ಷಿಯು ಪ್ರಾಮಾಣಿಕರೇ ಎಂಬುದನ್ನಷ್ಟೇ ಅಲ್ಲದೆ, ಅವರು ಕಂಡದ್ದು ಮತ್ತು ನೆನಪಿಟ್ಟುಕೊಂಡದ್ದು ಸರಿಯೇ ಎಂಬುದನ್ನೂ ನ್ಯಾಯಾಲಯವು ಪ್ರತ್ಯೇಕವಾಗಿ ಪರಿಶೀಲಿಸುತ್ತದೆ.

1. ಕಾನೂನಿನ ಉಪಬಂಧಗಳು

1872ರ ಭಾರತೀಯ ಸಾಕ್ಷ್ಯ ಅಧಿನಿಯಮದ ಬದಲಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ದಿನಾಂಕ 1-7-2024ರಿಂದ ಜಾರಿಗೆ ಬಂದಿದೆ. ಇದರ 55ನೇ ಕಲಂ ಪ್ರಕಾರ, ನೋಡಬಹುದಾದ ಸಂಗತಿಯ ಬಗ್ಗೆ ಅದನ್ನು ನೋಡಿದವರೇ ಸಾಕ್ಷ್ಯ ನುಡಿಯತಕ್ಕದ್ದು. 139ನೇ ಕಲಂ ಪ್ರಕಾರ, ಸಂಗತಿಯನ್ನು ರುಜುವಾತುಪಡಿಸಲು ಇಂತಿಷ್ಟೇ ಸಾಕ್ಷಿಗಳು ಇರಬೇಕೆಂಬ ನಿಯಮವಿಲ್ಲ. ಗಣನೆಗೆ ಬರುವುದು ಸಾಕ್ಷ್ಯದ ಗುಣವೇ ಹೊರತು ಸಾಕ್ಷಿಗಳ ಸಂಖ್ಯೆಯಲ್ಲ.

ಸರ್ವೋಚ್ಚ ನ್ಯಾಯಾಲಯವು 1957ರ ವಡಿವೇಲು ತೇವರ್ ಪ್ರಕರಣದಲ್ಲಿ ಸಾಕ್ಷಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದೆ:

(ಅ) ಪೂರ್ಣವಾಗಿ ನಂಬಲರ್ಹರು: ಇಂತಹ ಒಬ್ಬ ಸಾಕ್ಷಿಯ ಮಾತೇ ಶಿಕ್ಷೆಗೆ ಸಾಕಾಗಬಹುದು.
(ಆ) ಪೂರ್ಣವಾಗಿ ನಂಬಲನರ್ಹರು: ಇವರ ಸಾಕ್ಷ್ಯವನ್ನು ತಿರಸ್ಕರಿಸಲಾಗುತ್ತದೆ.
(ಇ) ಇವೆರಡರ ನಡುವಿನವರು: ಇವರ ಮಾತಿಗೆ ಮುಖ್ಯ ಅಂಶಗಳಲ್ಲಿ ಬೇರೆ ಸಾಕ್ಷ್ಯದ ಬೆಂಬಲವನ್ನು ನ್ಯಾಯಾಲಯವು ನಿರೀಕ್ಷಿಸುತ್ತದೆ.

2. ಪರಿಶೀಲಿಸಲಾಗುವ ಅಂಶಗಳು

- ಘಟನೆಯ ಸಮಯದಲ್ಲಿದ್ದ ಬೆಳಕು. ರಾತ್ರಿಯಾಗಿದ್ದಲ್ಲಿ ಬೆಳಕಿನ ಮೂಲ ಯಾವುದು
- ಸಾಕ್ಷಿ ನಿಂತಿದ್ದ ಸ್ಥಳ, ಅಂತರ ಮತ್ತು ನಡುವಿನ ಅಡೆತಡೆ
- ಎಷ್ಟು ಹೊತ್ತು ನೋಡಲು ಅವಕಾಶವಿತ್ತು
- ಆರೋಪಿಯು ಮೊದಲೇ ಪರಿಚಿತರೇ, ಅಪರಿಚಿತರೇ
- ಸಾಕ್ಷಿ ಆ ಸ್ಥಳದಲ್ಲಿದ್ದುದಕ್ಕೆ ಸಹಜವಾದ ಕಾರಣ
- ಹೇಳಿಕೆ ನೀಡುವಲ್ಲಿ ವಿಳಂಬವಾಗಿದ್ದಲ್ಲಿ ಅದಕ್ಕೆ ವಿವರಣೆ
- ವೈದ್ಯಕೀಯ ವರದಿ ಮತ್ತು ಇತರ ಸಾಕ್ಷ್ಯಗಳೊಂದಿಗೆ ಹೊಂದಾಣಿಕೆ

ಪ್ರಶ್ನೆ ಕೇಳುವ ರೀತಿಯಿಂದಲೂ ನೆನಪು ಬದಲಾಗಬಲ್ಲದು. 1974ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅವರು ವಾಹನ ಅಪಘಾತದ ಚಿತ್ರವನ್ನು ವಿದ್ಯಾರ್ಥಿಗಳಿಗೆ ತೋರಿಸಿ, ವಾಹನಗಳ ವೇಗವನ್ನು ಕೇಳಿದರು. ಪ್ರಶ್ನೆಯಲ್ಲಿ ಬರಿಯ 'ಡಿಕ್ಕಿ' ಎಂಬರ್ಥದ ಪದದ ಬದಲು 'ನುಚ್ಚುನೂರಾಗುವಂತೆ ಅಪ್ಪಳಿಸಿದವು' ಎಂಬಂತಹ ಪದ ಬಳಸಿದಾಗ ಹೆಚ್ಚಿನ ವೇಗದ ಉತ್ತರ ಬಂದಿತು. ವಾರದ ನಂತರ, ಚಿತ್ರದಲ್ಲಿ ಇಲ್ಲದೇ ಇದ್ದ ಒಡೆದ ಗಾಜನ್ನು ಕಂಡೆವೆಂದವರೂ ಈ ಗುಂಪಿನಲ್ಲೇ ಹೆಚ್ಚಾಗಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ಆದ್ದರಿಂದ ಸಾಕ್ಷಿಯ ದೃಢವಾದ ಧ್ವನಿಯೊಂದೇ ನಿಖರತೆಗೆ ಪ್ರಮಾಣವಾಗುವುದಿಲ್ಲ.

3. ಹೇಳಿಕೆಗಳಲ್ಲಿನ ವ್ಯತ್ಯಾಸ

ತನಿಖಾಧಿಕಾರಿಗೆ ನೀಡಿದ ಹೇಳಿಕೆಗೂ ನ್ಯಾಯಾಲಯದಲ್ಲಿ ನುಡಿದ ಸಾಕ್ಷ್ಯಕ್ಕೂ ವ್ಯತ್ಯಾಸವಿದ್ದಲ್ಲಿ ಪಾಟೀ ಸವಾಲಿನಲ್ಲಿ ಅದನ್ನು ಪ್ರಶ್ನಿಸಬಹುದು. ಆದರೆ ಸಾಕ್ಷಿಯಿಂದ ಛಾಯಾಚಿತ್ರದಂತಹ ನೆನಪನ್ನು ನಿರೀಕ್ಷಿಸಲಾಗದು ಎಂದು ಸರ್ವೋಚ್ಚ ನ್ಯಾಯಾಲಯವು 1983ರ ಭೋಗಿನ್‌ಭಾಯಿ ಹಿರ್ಜಿಭಾಯಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ನಿಖರವಾದ ಗಂಟೆ, ಘಟನೆಯ ಅವಧಿ, ಆಡಿದ ಮಾತುಗಳ ಅನುಕ್ರಮ ಇತ್ಯಾದಿ ಸಣ್ಣ ವ್ಯತ್ಯಾಸಗಳಿಂದಲೇ ಸಾಕ್ಷ್ಯ ಬಿದ್ದುಹೋಗುವುದಿಲ್ಲ. ಪ್ರಕರಣದ ತಿರುಳನ್ನೇ ತಟ್ಟುವ ವ್ಯತ್ಯಾಸವು ಮಾತ್ರ ಗಂಭೀರವಾಗುತ್ತದೆ.

4. ಗುರುತು ಪತ್ತೆ ಪರೇಡ್

ಆರೋಪಿಯು ಸಾಕ್ಷಿಗೆ ಅಪರಿಚಿತನಾಗಿದ್ದಲ್ಲಿ, ಹೋಲಿಕೆಯುಳ್ಳ ಇತರರ ನಡುವೆ ಆತನನ್ನು ನಿಲ್ಲಿಸಿ ಗುರುತಿಸಲು ಸಾಕ್ಷಿಗೆ ತಿಳಿಸಲಾಗುತ್ತದೆ. ಪರೇಡ್‌ಗೆ ಮುನ್ನ ಆರೋಪಿಯನ್ನಾಗಲಿ ಆತನ ಭಾವಚಿತ್ರವನ್ನಾಗಲಿ ಸಾಕ್ಷಿಗೆ ತೋರಿಸಿದ್ದಲ್ಲಿ ಪರೇಡ್ ತನ್ನ ಮೌಲ್ಯವನ್ನು ಕಳೆದುಕೊಳ್ಳುತ್ತದೆ. ಪರೇಡ್ ಸ್ವತಃ ಮೂಲ ಸಾಕ್ಷ್ಯವಲ್ಲ. ನ್ಯಾಯಾಲಯದಲ್ಲಿ ಮಾಡುವ ಗುರುತಿಸುವಿಕೆಗೆ ಅದು ಬೆಂಬಲ ಮಾತ್ರ. ಸಾಲಿನಲ್ಲಿ ನಿಂತವರಲ್ಲಿ ಯಾರೂ ಪರಿಚಿತರೆನಿಸದಿದ್ದಲ್ಲಿ ಹಾಗೆಂದೇ ತಿಳಿಸತಕ್ಕದ್ದು. ಯಾರನ್ನಾದರೂ ತೋರಿಸಲೇಬೇಕೆಂಬ ಕಡ್ಡಾಯವಿಲ್ಲ.

5. ಸಂಬಂಧಿಕರು, ಗಾಯಾಳುಗಳು ಮತ್ತು ಮಕ್ಕಳು

ಮೃತರ ಅಥವಾ ನೊಂದವರ ಸಂಬಂಧಿಕರೆಂಬ ಒಂದೇ ಕಾರಣದಿಂದ ಸಾಕ್ಷ್ಯವನ್ನು ತಿರಸ್ಕರಿಸಲಾಗುವುದಿಲ್ಲ. ನಿಜವಾದ ಅಪರಾಧಿಯನ್ನು ಬಿಟ್ಟು ಬೇರೊಬ್ಬರನ್ನು ಸಿಲುಕಿಸಲು ನಿಕಟ ಸಂಬಂಧಿಕರು ಸಾಮಾನ್ಯವಾಗಿ ಮುಂದಾಗುವುದಿಲ್ಲ ಎಂಬುದು 1953ರ ದಲೀಪ್ ಸಿಂಗ್ ಪ್ರಕರಣದ ಅಭಿಪ್ರಾಯವಾಗಿದೆ. ಗಾಯಾಳುವಿನ ಗಾಯವೇ ಆತ ಸ್ಥಳದಲ್ಲಿದ್ದುದನ್ನು ಸೂಚಿಸುವುದರಿಂದ ಅಂತಹ ಸಾಕ್ಷ್ಯಕ್ಕೆ ಹೆಚ್ಚಿನ ತೂಕವಿರುತ್ತದೆ. ಪ್ರಶ್ನೆಯನ್ನು ಅರಿತು ಉತ್ತರಿಸಬಲ್ಲ ಮಗುವೂ ಸಾಕ್ಷಿಯಾಗಬಹುದು. ಆದರೆ ಯಾರಾದರೂ ಹೇಳಿಕೊಟ್ಟಿರುವರೇ ಎಂಬುದನ್ನು ನ್ಯಾಯಾಲಯವು ಎಚ್ಚರಿಕೆಯಿಂದ ನೋಡುತ್ತದೆ.

6. ಸಾಕ್ಷಿಗಳು ಗಮನಿಸಬೇಕಾದ ಅಂಶಗಳು

- ತಾವು ಕಂಡದ್ದನ್ನು ಮಾತ್ರ ಹೇಳತಕ್ಕದ್ದು. ಇತರರಿಂದ ಕೇಳಿದ್ದನ್ನು ಅದರೊಂದಿಗೆ ಬೆರೆಸಬಾರದು.
- ನೆನಪಿಲ್ಲದ ವಿಷಯಕ್ಕೆ 'ನೆನಪಿಲ್ಲ', ನೋಡದ ವಿಷಯಕ್ಕೆ 'ನೋಡಿಲ್ಲ' ಎನ್ನುವುದು ಸರಿಯಾದ ಉತ್ತರವೇ ಆಗಿದೆ.
- ಹೇಳಿಕೆ ನೀಡುವ ಮುನ್ನ ಇತರ ಸಾಕ್ಷಿಗಳೊಂದಿಗೆ ಘಟನೆಯನ್ನು ಚರ್ಚಿಸದಿರುವುದು ಒಳಿತು.
- ತನಿಖಾಧಿಕಾರಿಯು ಬರೆದುಕೊಳ್ಳುವ ಸಾಕ್ಷಿ ಹೇಳಿಕೆಗೆ ಸಹಿ ಹಾಕಬೇಕಿಲ್ಲ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023, ಕಲಂ 181).
- ಮಹಿಳೆಯರು, 15 ವರ್ಷದೊಳಗಿನ ಅಥವಾ 60 ವರ್ಷ ಮೀರಿದ ಪುರುಷರು, ಅಂಗವಿಕಲರು ಮತ್ತು ತೀವ್ರ ಅಸ್ವಸ್ಥರನ್ನು ಅವರ ವಾಸಸ್ಥಳದ ಹೊರತು ಬೇರೆಡೆಗೆ ಬರುವಂತೆ ಪೊಲೀಸರು ಒತ್ತಾಯಿಸುವಂತಿಲ್ಲ. ಅವರು ತಾವಾಗಿ ಠಾಣೆಗೆ ಬರಬಹುದು (ಕಲಂ 179).
- ಸುಳ್ಳೆಂದು ತಿಳಿದೂ ನುಡಿಯುವುದು ಅಪರಾಧ; ಪ್ರಾಮಾಣಿಕವಾಗಿ ತಪ್ಪು ನೆನಪಿಟ್ಟುಕೊಂಡಿರುವುದು ಸುಳ್ಳು ಸಾಕ್ಷ್ಯವಾಗುವುದಿಲ್ಲ.

7. ಬೆದರಿಕೆ ಇದ್ದಲ್ಲಿ ಅರ್ಜಿ

ಭಯದಿಂದಲೂ ಸಾಕ್ಷಿಗಳು ನಿಜವನ್ನು ಮರೆಮಾಚುವುದುಂಟು. ಸರ್ವೋಚ್ಚ ನ್ಯಾಯಾಲಯವು 5-12-2018ರಂದು ಸಾಕ್ಷಿ ಸಂರಕ್ಷಣಾ ಯೋಜನೆ, 2018ನ್ನು ಅನುಮೋದಿಸಿತು. ಅದರಂತೆ ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ, ಅದರ ಸದಸ್ಯ ಕಾರ್ಯದರ್ಶಿಯಾದ ಜಿಲ್ಲೆಯ ಅಭಿಯೋಜನಾ ಮುಖ್ಯಸ್ಥರ ಮೂಲಕ ಅರ್ಜಿ ಸಲ್ಲಿಸಲು ಅವಕಾಶ ಕಲ್ಪಿಸಲಾಯಿತು. ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಂ ಪ್ರಕಾರ ಪ್ರತಿ ರಾಜ್ಯವೂ ಇಂತಹ ಯೋಜನೆಯನ್ನು ರೂಪಿಸಿ ಅಧಿಸೂಚಿಸತಕ್ಕದ್ದು. ಅರ್ಜಿದಾರರು ಜಾರಿಯಲ್ಲಿರುವ ಅರ್ಜಿ ನಮೂನೆಗಾಗಿ ಜಿಲ್ಲಾ ಅಭಿಯೋಜನಾ ಕಚೇರಿಯನ್ನು ಸಂಪರ್ಕಿಸಬಹುದು. ಬೆದರಿಕೆಯ ದಿನಾಂಕ ಮತ್ತು ವಿವರಗಳನ್ನು ಅರ್ಜಿಯಲ್ಲಿ ನಮೂದಿಸಿ, ಲಭ್ಯವಿರುವ ದಾಖಲೆಗಳನ್ನು ಲಗತ್ತಿಸುವುದು.

ಸೂಚನೆ: ಮೇಲ್ಕಂಡ ವಿವರಗಳು ಸಾರ್ವಜನಿಕರ ಮಾಹಿತಿಗಾಗಿ ಮಾತ್ರ. ನಿರ್ದಿಷ್ಟ ಪ್ರಕರಣದಲ್ಲಿ ಸಾಕ್ಷ್ಯದ ಮೌಲ್ಯವನ್ನು ನಿರ್ಧರಿಸುವ ಅಧಿಕಾರವು ನ್ಯಾಯಾಲಯಕ್ಕೆ ಸೇರಿರುತ್ತದೆ.