ರಸ್ತೆಯ ಅಗಲ, ಮನೆಯ ಎತ್ತರ

ನಂಜನಗೂಡಿನ ರಥಬೀದಿ ಏಕೆ ಅಗಲವಾಗಿದೆ ಎಂದು ಯಾರೂ ಕೇಳುವುದಿಲ್ಲ. ದೊಡ್ಡ ಜಾತ್ರೆಯಂದು ಅಲ್ಲಿ ಐದು ತೇರುಗಳು ಹೊರಡುತ್ತವೆ. ಅವುಗಳಲ್ಲಿ ಶ್ರೀಕಂಠೇಶ್ವರನ ಗೌತಮ ರಥ ಸುಮಾರು 90 ಅಡಿ ಎತ್ತರದ್ದು. ಅದು ಮೂಲೆಯಲ್ಲಿ ಹೊರಳಬೇಕು, ಹಗ್ಗ ಹಿಡಿದ ಸಾವಿರಾರು ಜನರಿಗೂ ಜಾಗವಿರಬೇಕು. ಬೀದಿಯ ಅಳತೆಯನ್ನು ತೇರು ಗೊತ್ತುಮಾಡಿತು, ಮನೆಗಳು ಅದಕ್ಕೆ ದಾರಿ ಬಿಟ್ಟು ಹಿಂದೆ ಸರಿದು ನಿಂತವು. ಪಕ್ಕದ ಗಲ್ಲಿಗಳಿಗೆ ಅಂಥ ಭಾಗ್ಯವಿರಲಿಲ್ಲ. ಒಂದು ಎತ್ತಿನ ಗಾಡಿ ಹಾದುಹೋದರೆ ಸಾಕು ಎಂಬುದೇ ಅವುಗಳ ಅಳತೆ.

ಈ ಊರು ಬೆಳೆದದ್ದೇ ಬಂದುಹೋಗುವವರಿಂದ. ಕಪಿಲೆಗೆ ದಳವಾಯಿ ದೇವರಾಜಯ್ಯ ಸೇತುವೆ ಕಟ್ಟಿಸಿದ್ದು 1735ರಲ್ಲಿ. 1891ರಲ್ಲಿ ಮೈಸೂರಿನಿಂದ ರೈಲುಮಾರ್ಗ ತೆರೆಯಿತು. ಬಹುಕಾಲ ಗಾಡಿಯೂ ರೈಲೂ ಅದೇ ಹಳೆಯ ಸೇತುವೆಯನ್ನು ನೆಚ್ಚಿಕೊಂಡಿದ್ದವು. ತನ್ನ ಆನೆಯ ಕಣ್ಣು ವಾಸಿಯಾದ ಮೇಲೆ ಟಿಪ್ಪು ಇಲ್ಲಿಯ ದೇವರನ್ನು 'ಹಕೀಮ್ ನಂಜುಂಡ' ಎಂದು ಕರೆದನೆಂಬ ಐತಿಹ್ಯವನ್ನು ಈ ಸೀಮೆಯಲ್ಲಿ ಹಿಂದೂಗಳೂ ಮುಸ್ಲಿಮರೂ ಒಂದೇ ಅಭಿಮಾನದಿಂದ ಹೇಳುತ್ತಾರೆ. ಹಕೀಮನ ಊರಿಗೆ ಬಂದವರು ಎಲ್ಲಾದರೂ ತಂಗಲೇಬೇಕಲ್ಲ! ಅವರಿಗೆ ಸೂರು ಒದಗಿಸುವ ಕೆಲಸ ಇಲ್ಲಿ ಹಳೆಯದು.

ಆದರೆ ಇಕ್ಕಟ್ಟಾಗಿ ಬದುಕುವುದೇ ರೋಗ, ಅಗಲ ರಸ್ತೆಯೇ ಔಷಧ ಎಂಬ ಯೋಚನೆ ಬಂದದ್ದು ಪ್ಲೇಗಿನ ಕಾಲದಲ್ಲಿ. 1898ರಲ್ಲಿ ಪ್ಲೇಗ್ ಬೆಂಗಳೂರನ್ನು ಹೊಕ್ಕಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಆ ಭಯದಲ್ಲಿ ಬೆಳೆದವು. ಅದೇ ವರ್ಷ ಮುಂಬಯಿಯಲ್ಲಿ, 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ಟ್ರಸ್ಟುಗಳು ಸ್ಥಾಪನೆಯಾದವು. ಕೇರಿ ಒಡೆದು ರಸ್ತೆ ಬಿಡುವುದು ಅವುಗಳ ಮುಖ್ಯ ಕೆಲಸ. ಮುಂಬಯಿಯ ಅನುಭವವಂತೂ ಕಹಿಯಾಗಿತ್ತು. ಮನೆಯೊಡೆಯನಿಗೆ ಪರಿಹಾರ ಸಿಕ್ಕಿತು. ಬಾಡಿಗೆಯವನು ಗಂಟುಮೂಟೆ ಹೊತ್ತು ಪಕ್ಕದ ಕೇರಿಗೆ ಹೋದ, ಅಲ್ಲಿ ಇಕ್ಕಟ್ಟು ಇನ್ನಷ್ಟಾಯಿತು.

ರಸ್ತೆಯನ್ನೇ ಅಳತೆಗೋಲು ಮಾಡುವ ಈ ತರ್ಕ ಈಗ ನಿಯಮವೇ ಆಗಿದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ರೂಪಿಸುವ ವಲಯ ನಿಯಮಗಳಲ್ಲಿ ಮನೆಯ ಎತ್ತರ ಮನೆಯೆದುರಿನ ರಸ್ತೆಯ ಅಗಲವನ್ನು ಅವಲಂಬಿಸಿದೆ. ಕಚೇರಿಗಳಲ್ಲಿ ಇದರ ಲೆಕ್ಕಕ್ಕೆ ಎಫ್‌ಎಆರ್ ಎನ್ನುತ್ತಾರೆ. 30 ಅಡಿಗೆ 40 ಅಡಿಯ ನಿವೇಶನಕ್ಕೆ ಅದು 1.75 ಇದ್ದರೆ ಎಲ್ಲ ಅಂತಸ್ತು ಸೇರಿ 2,100 ಚದರ ಅಡಿ ಕಟ್ಟಬಹುದು. ರಸ್ತೆ ಅಗಲವಾದರೆ ಈ ಅಂಕಿಯೂ ಏರುತ್ತದೆ. ಆದ್ದರಿಂದ ರಸ್ತೆ ಅಗಲೀಕರಣದ ಮಾತು ಬಂದಲ್ಲೆಲ್ಲ ಅದು ವಾಹನಗಳ ಮಾತು ಮಾತ್ರವಲ್ಲ, ನಾಳೆ ಅಲ್ಲಿ ಎಷ್ಟು ಅಂತಸ್ತು ಏಳಬೇಕು ಎಂಬುದರ ಮಾತೂ ಹೌದು.

ಮೈಸೂರು ಮತ್ತು ನಂಜನಗೂಡು ಒಂದೇ ಯೋಜನಾ ಪ್ರದೇಶ. 2031ರವರೆಗಿನ ಮಹಾಯೋಜನೆ ಎರಡಕ್ಕೂ ಒಂದೇ. 2011ರ ಜನಗಣತಿಯಲ್ಲಿ ನಂಜನಗೂಡಿನ ಜನಸಂಖ್ಯೆ ಸುಮಾರು 50 ಸಾವಿರ. ಪಕ್ಕದಲ್ಲೇ ಕೈಗಾರಿಕಾ ಪ್ರದೇಶವಿದೆ, ದುಡಿಯಲು ಬಂದವರಿಗೆ ಕೋಣೆ ಬೇಕು. ಇಂಥ ಊರುಗಳಲ್ಲಿ ಒಬ್ಬರು, ಮೇಲೆ ಎರಡು ಅಂತಸ್ತು ಏರಿಸಿದರೆ ಬಾಡಿಗೆ ಬರುತ್ತದೆ, ನಾಲ್ಕು ಮಂದಿಗೆ ನೆಲೆಯೂ ಆಗುತ್ತದೆ ಎನ್ನುತ್ತಾರೆ. ಇನ್ನೊಬ್ಬರು, ಇರುವ ಬೈಕುಗಳನ್ನು ನಿಲ್ಲಿಸಲೇ ಜಾಗವಿಲ್ಲ, ಚರಂಡಿ ಉಕ್ಕುತ್ತಿದೆ, ಇನ್ನೂ ಜನ ಬಂದರೆ ಗತಿಯೇನು ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಹಾಗಿದ್ದರೆ ರಸ್ತೆಯನ್ನೇ ಅಗಲ ಮಾಡೋಣ ಎಂದಾಗ ಸಣ್ಣ ಮನೆಯವನ ಎದೆ ನಡುಗುತ್ತದೆ. 20 ಅಡಿ ಅಗಲ, 30 ಅಡಿ ಉದ್ದದ ನಿವೇಶನದವನು ಮುಂದಿನ ಆರು ಅಡಿ ಬಿಟ್ಟುಕೊಟ್ಟರೆ ಉಳಿಯುವುದು 480 ಚದರ ಅಡಿ. ಬಿಟ್ಟುಕೊಟ್ಟ ನೆಲಕ್ಕೆ ಬದಲಾಗಿ ಅಭಿವೃದ್ಧಿ ಹಕ್ಕು ಕೊಡುವ ಅವಕಾಶ ಕಾನೂನಿನಲ್ಲಿದೆ. ಆದರೆ ಮೇಲೆ ಕಟ್ಟಲು ದುಡ್ಡೇ ಇಲ್ಲದವನಿಗೆ ಅದು ಕಾಗದದ ಹಕ್ಕು. ಲಾಭವಾಗುವುದು ಮೂಲೆ ನಿವೇಶನದ ದೊಡ್ಡ ಕಟ್ಟಡದವನಿಗೆ ಎಂಬ ಗುಮಾನಿ ಸುಳ್ಳಲ್ಲ.

ಮೈಸೂರಿನ ಆಚೆ ಬದಿಗೆ ಇದೇ 766ನೇ ರಾಷ್ಟ್ರೀಯ ಹೆದ್ದಾರಿಯಲ್ಲಿರುವ ತಿ. ನರಸೀಪುರದ ಇಕ್ಕಟ್ಟು ಬೇರೆ ಬಗೆಯದು. ಕಾವೇರಿ, ಕಪಿಲೆಯರು ಕೂಡುವ ಈ ಊರು ಹೊಳೆಯ ಕಡೆಗೆ ಬೆಳೆಯಲಾರದು. ಉಳಿದಿರುವುದು ರಸ್ತೆಯ ಬದಿ. 1989ರಿಂದ ಇಲ್ಲಿ ಕುಂಭಮೇಳ ನಡೆದುಬಂದಿದೆ, 2025ರ ಫೆಬ್ರವರಿಯಲ್ಲೂ ನಡೆಯಿತು. ಆ ಮೂರು ದಿನಗಳಿಗೆ ಎಷ್ಟು ಅಗಲದ ರಸ್ತೆಯೂ ಸಾಲದು, ವರ್ಷದ ಉಳಿದ ದಿನಗಳ ಅಗತ್ಯ ಬೇರೆ. ಯಾವ ದಿನದ ಲೆಕ್ಕಕ್ಕೆ ಮನೆಗಳನ್ನು ಒಡೆಯಬೇಕು?

ದಾರಿಯ ತಕರಾರು ಹೊಸದೇನಲ್ಲ. ದಾರಿಯ ವಿಷಯದಲ್ಲಿ ಜಗಳವಾದರೆ ಏಳು ಮೊಳ ಬಿಡಬೇಕೆಂದು ಪ್ರವಾದಿ ಮುಹಮ್ಮದ್(ಸ)ರು ತೀರ್ಪಿತ್ತದ್ದು ಬುಖಾರಿಯಲ್ಲಿ ದಾಖಲಾಗಿದೆ. ನಮ್ಮ ಲೆಕ್ಕದಲ್ಲಿ ಸುಮಾರು ಹತ್ತು ಅಡಿ. ಹದಿನಾಲ್ಕನೆಯ ಶತಮಾನದ ಟ್ಯುನಿಸ್ ನಗರದಲ್ಲಿ ಇಬ್ನುಲ್ ರಾಮಿ ಎಂಬ ಗಾರೆ ಕೆಲಸದವನಿದ್ದ. ಕಟ್ಟಡದ ವ್ಯಾಜ್ಯಗಳಲ್ಲಿ ಖಾಝಿಗೆ ನೆರವಾಗುತ್ತಿದ್ದ ಅವನು ಆ ಅನುಭವದಿಂದ ಒಂದು ಗ್ರಂಥವನ್ನೇ ಬರೆದ. ಈ ಗೋಡೆಯಿಂದ, ಈ ಕಿಟಕಿಯಿಂದ ನೆರೆಯವನಿಗೆ ಏನು ತೊಂದರೆ ಎಂಬುದು ಅಲ್ಲಿಯ ಮೊದಲ ಪ್ರಶ್ನೆ. ನಮ್ಮಲ್ಲಿ ಮೊದಲ ಪ್ರಶ್ನೆ ಎಷ್ಟು ಮೀಟರ್ ಎಂಬುದು. ಟೇಪು ಹಿಡಿಯುವವನು ಗಲ್ಲಿಯವರನ್ನು ಮಾತನಾಡಿಸಬೇಕೆಂದೇನೂ ಇಲ್ಲ.

ಕಾಯ್ದೆ ಜನರ ಮಾತಿಗೆ ಜಾಗ ಇಟ್ಟಿಲ್ಲವೆಂದಲ್ಲ. ಮಹಾಯೋಜನೆಯ ಪ್ರಕಟಣೆಯಾದ 60 ದಿನಗಳೊಳಗೆ ಸಾರ್ವಜನಿಕರಲ್ಲಿ ಯಾರೇ ಆದರೂ ಲಿಖಿತ ಆಕ್ಷೇಪ ಸಲ್ಲಿಸಬಹುದು. ಬೆಂಗಳೂರಿನಲ್ಲಿ 2007ರ ಯೋಜನೆ ವಸತಿ ಬೀದಿಗಳಿಗೆ ಅಂಗಡಿಗಳನ್ನು ಬಿಟ್ಟಾಗ ನಿವಾಸಿ ಸಂಘಗಳು ಹೈಕೋರ್ಟಿನವರೆಗೂ ಹೋದವು. 2017ರ ಕರಡಿಗೆ ಸಾವಿರಾರು ಆಕ್ಷೇಪಗಳು ಬಂದವು, 2020ರಲ್ಲಿ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಹಾಗೆ ಬರೆಯುವವರು ಹೆಚ್ಚಾಗಿ ಖಾತೆದಾರರು. ಹನ್ನೊಂದು ತಿಂಗಳ ಕರಾರಿನ ಮೇಲೆ ಕೋಣೆ ಹಿಡಿದ ಕಾರ್ಖಾನೆಯ ಹುಡುಗನಾಗಲಿ, ಗಲ್ಲಿಯ ವಠಾರದಲ್ಲಿ ಬೀಡಿ ಕಟ್ಟುವ ತಾಯಿಯಾಗಲಿ 2031ರ ನಕ್ಷೆಯನ್ನು ನೋಡಲು ಕಚೇರಿಗೆ ಹೋಗುವವರಲ್ಲ. ಅಂತಸ್ತು ಏರುವುದು ಅವರಿಗಾಗಿ, ರಸ್ತೆ ಅಗಲವಾದರೆ ಮೊದಲು ಜಾಗ ಖಾಲಿ ಮಾಡುವವರೂ ಅವರೇ. ಪ್ರಕಟಣೆಯನ್ನು ಪತ್ರಿಕೆಯ ಒಳಪುಟದಲ್ಲಿ ಮಾತ್ರವಲ್ಲ, ವಠಾರದ ಬಾಗಿಲಿಗೂ ಕಾರ್ಖಾನೆಯ ಗೇಟಿಗೂ ಅಂಟಿಸಬೇಕು, ಆ ಬೀದಿಯಲ್ಲೇ ಒಂದು ಸಂಜೆ ಓದಿ ಹೇಳಬೇಕು. ಇದಕ್ಕೆ ಹೊಸ ಕಾಯ್ದೆಯೇನೂ ಬೇಡ.