ಸೊರಬದ ಮಳೆಗೆ ಯಾವ ಹಲಗೆ?

ಶಿಕಾರಿಪುರದ ಕಡೆ ಹೋದವರೆಲ್ಲ ಬಳ್ಳಿಗಾವಿಯ ಕೇದಾರೇಶ್ವರ, ತಾಳಗುಂದದ ಕಂಬದ ಶಾಸನ ನೋಡಿಕೊಂಡು ಬರುತ್ತಾರೆ. ನಾನೂ ನಾಲ್ಕೈದು ಸಲ ನೋಡಿದ್ದೇನೆ. ಪ್ರತಿಸಲವೂ ನನಗೆ ಹುಟ್ಟುವ ಪ್ರಶ್ನೆ ಒಂದೇ. ಬನವಾಸಿ ಹನ್ನೆರಡು ಸಾವಿರಕ್ಕೆ ರಾಜಧಾನಿಯಾಗಿ ಮೆರೆದ ಊರು ಇದು, ಆ ಜನರ ಮನೆಗಳು ಎಲ್ಲಿ ಹೋದವು? ಮರದ್ದನ್ನೆಲ್ಲ ಗೆದ್ದಲು, ಮಳೆ, ಬೆಂಕಿ ತಿಂದವು. ಕಲ್ಲು ಉಳಿಯಿತು. ಅದಕ್ಕೇ ನಮ್ಮ ಚರಿತ್ರೆಯಲ್ಲಿ ಕಲ್ಲಿಗೆ ಸಿಕ್ಕ ಜಾಗ ಹಲಗೆಗೆ ಸಿಕ್ಕಿಲ್ಲ. ಹಾಗಾಗಿ ಇವತ್ತು ಹಲಗೆಯ ಕತೆ.

ಪಕ್ಕದ ಸೊರಬದಲ್ಲಿ ಮಾತ್ರ ಮರಕ್ಕೆ ಒಂದು ದಾಖಲೆ ಇದೆ. ರೈಸ್ ಸಾಹೇಬರು 1897ರ ಮೈಸೂರು ಗೆಜೆಟಿಯರ್‌ನಲ್ಲಿ ಸೊರಬ, ಸಾಗರದ ಗುಡಿಗಾರರ ಗಂಧದ ಕೆತ್ತನೆಯನ್ನು ಹೊಗಳಿದ್ದಾರೆ. ಗುಡಿಗಾರರ ಕೈಚಳಕದ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗೆ ಬೆರಗು ಅವರ ಕಣ್ಣಿನದು. ಉಳಿ ಇಡುವ ಮೊದಲು ಮರದ ಎಳೆ ಯಾವ ಕಡೆ ಓಡಿದೆ ಎಂದು ನೋಡುವ ಕಣ್ಣು.

ಮರ ಅಂದರೆ ಬಿಗಿಯಾಗಿ ಕಟ್ಟಿದ ಹುಲ್ಲಿನ ಪಿಂಡಿ ಇದ್ದ ಹಾಗೆ. ಉದ್ದಕ್ಕೆ ಹಿಡಿದು ಎಳೆದರೆ ಜಪ್ಪಯ್ಯ ಅಂದರೂ ಬರುವುದಿಲ್ಲ. ಅಡ್ಡಕ್ಕೆ ಬಿಡಿಸಿದರೆ ಬಿಟ್ಟುಕೊಳ್ಳುತ್ತದೆ. ಕೊಡಲಿ ಏಟಿಗೆ ಸೌದೆ ಸೀಳುವುದು ಇದೇ ಕಾರಣಕ್ಕೆ. ಮಳೆಗಾಲದಲ್ಲಿ ನೀರು ಕುಡಿದಾಗಲೂ ಅಷ್ಟೇ. ಹಲಗೆ ಉದ್ದಕ್ಕೆ ಬೆಳೆಯುವುದು ಲೆಕ್ಕಕ್ಕೇ ಇಲ್ಲ, ಊದುವುದೆಲ್ಲ ಅಡ್ಡಕ್ಕೆ. ನಮ್ಮ ಹಳೆಯ ಆಚಾರಿಗಳು ಬಾಗಿಲಿಗೆ ಚೌಕಟ್ಟು ಮಾಡಿ, ಅದರ ತೋಡಿನೊಳಗೆ ಹಲಗೆಯನ್ನು ಮೊಳೆ ಹೊಡೆಯದೆ ಸಡಿಲವಾಗಿ ಕೂರಿಸುತ್ತಿದ್ದರು. ಆಷಾಢದಲ್ಲಿ ಹಲಗೆ ಹಿಗ್ಗಲಿ, ಶಿವರಾತ್ರಿ ಹೊತ್ತಿಗೆ ಕುಗ್ಗಲಿ, ಬಾಗಿಲು ಸೀಳುವುದಿಲ್ಲ. ಪರೀಕ್ಷೆ ಬರೆಯದ ಎಂಜಿನಿಯರುಗಳು!

ಪ್ಲೈವುಡ್ ಮಾಡಿದ್ದೂ ಇದೇ ಸಮಸ್ಯೆಗೆ ಉತ್ತರ, ದಾರಿ ಬೇರೆ. ಪೆನ್ಸಿಲನ್ನು ಮೆಂಡರ್‌ನಲ್ಲಿ ಹೆರೆದ ಹಾಗೆ ದಿಮ್ಮಿಯನ್ನು ತಿರುಗಿಸುತ್ತಾ ಹಾಳೆ ತೆಗೆಯುತ್ತಾರೆ. ಒಂದು ಹಾಳೆಯ ಎಳೆ ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ, ಹೀಗೆ ಅಂಟಿಸುತ್ತಾರೆ. ಒಬ್ಬರ ದೌರ್ಬಲ್ಯಕ್ಕೆ ಇನ್ನೊಬ್ಬರು ಕಾವಲು. ಮೆರೈನ್ ಪ್ಲೈವುಡ್ಡಿನ ಮಾನಕ ಐ.ಎಸ್. 710 ಕೇಳುವ ಸರಾಸರಿ ಬಾಗುವ ಬಲ ಉದ್ದಕ್ಕೆ ಚದರ ಮಿ.ಮೀ.ಗೆ 50 ನ್ಯೂಟನ್, ಅಡ್ಡಕ್ಕೆ 30. ಇಡೀ ಮರದ ಹಲಗೆ ಅಡ್ಡಕ್ಕೆ ಇದರ ಹತ್ತಿರವೂ ಬರುವುದಿಲ್ಲ. ಅಂಟು ಬಿಡುತ್ತದೋ ಎಂದು ನೋಡಲು 72 ಗಂಟೆ ಕುದಿಯುವ ನೀರಲ್ಲಿ ಹಾಕುತ್ತಾರೆ. ಸೊರಬದ ಮಳೆ ಅದರ ಮುಂದೆ ಏನೂ ಅಲ್ಲ ಬಿಡಿ.

ಬ್ಲಾಕ್‌ಬೋರ್ಡ್ ಅಂದರೆ ನಡುವೆ ಮರದ ಪಟ್ಟಿಗಳು, ಎರಡೂ ಮುಖಕ್ಕೆ ಹಾಳೆ. ಹಗುರ, ಉದ್ದನೆಯ ಕಪಾಟಿನ ಬಾಗಿಲಿಗೆ ಒಳ್ಳೆಯದು. ಪಟ್ಟಿ ಉದ್ದಕ್ಕೇ ಬರುವಂತೆ ಕತ್ತರಿಸಬೇಕು, ಇಲ್ಲದಿದ್ದರೆ ಲಾಭ ಇಲ್ಲ.

ಪಾರ್ಟಿಕಲ್ ಬೋರ್ಡಿನ ಕತೆ ಬೇರೆ. ಎರಡನೇ ಮಹಾಯುದ್ಧದ ಹೊತ್ತಿಗೆ ಮರದ ಬರ ಬಂದ ಜರ್ಮನಿಯಲ್ಲಿ ಚಕ್ಕೆ, ಹೊಟ್ಟಿಗೆ ಅಂಟು ಕಲೆಸಿ ಒತ್ತಿ ಮಾಡಿದ್ದು. 1960ರ ದಶಕದಲ್ಲಿ ಅಮೆರಿಕದಲ್ಲಿ ಮರವನ್ನು ಇನ್ನೂ ನುಣ್ಣಗೆ ನಾರಾಗಿಸಿ ಎಂ.ಡಿ.ಎಫ್. ಮಾಡಿದರು. ಇಲ್ಲಿ ಎಳೆಯೇ ಇಲ್ಲ. ಎಲ್ಲ ದಿಕ್ಕಿಗೂ ಒಂದೇ ಬಲ, ಆದರೆ ಕಡಿಮೆ ಬಲ. ಬಾಗುವ ಬಲದಲ್ಲಿ ಪ್ಲೈವುಡ್ ಮುಂದೆ, ಎಂ.ಡಿ.ಎಫ್. ನಡುವೆ, ಪಾರ್ಟಿಕಲ್ ಬೋರ್ಡ್ ಕೊನೆಗೆ. ಇದರ ಅಂಚಿಗೆ ಸ್ಕ್ರೂ ಹಾಕಿದರೆ ಹಿಡಿತವೂ ಕಡಿಮೆ.

ನಮ್ಮ ನೆಂಟರೊಬ್ಬರು ಸೊರಬದ ಹತ್ತಿರ ಹೊಸ ಮನೆಗೆ ರೆಡಿಮೇಡ್ ಅಡಿಗೆಮನೆ ಕಪಾಟು ಹಾಕಿಸಿದರು. ಅಂಗಡಿಯವನು "ಫುಲ್ ಸ್ಟ್ರಾಂಗ್ ಸಾರ್" ಅಂದಿದ್ದನಂತೆ. ಎರಡನೇ ಮಳೆಗಾಲಕ್ಕೆ ಸಿಂಕಿನ ಕೆಳಗಿನ ಹಲಗೆ ನೆನೆಸಿದ ಅವಲಕ್ಕಿಯ ಹಾಗೆ ಊದಿಕೊಂಡಿತ್ತು, ಕೀಲು ಕಳಚಿ ಬಾಗಿಲು ಕೈಗೆ ಬಂತು. ಅದೇ ಜಾತಿಯ ಕಪಾಟು ಶಿಕಾರಿಪುರದಲ್ಲಿರುವ ಅವರ ತಮ್ಮನ ಮನೆಯಲ್ಲಿ ಇನ್ನೂ ಗಟ್ಟಿಯಾಗಿದೆ. ಅಲ್ಲಿ ಮಳೆ ಕಡಿಮೆ, ಜೊತೆಗೆ ಅದು ಇರುವುದು ಹಾಲ್‌ನಲ್ಲಿ. ಅಂದರೆ ಅಂಗಡಿಯವನು ಹೇಳಿದ್ದು ಪೂರ್ತಿ ಸುಳ್ಳಲ್ಲ, ಒಣಗಿರುವ ತನಕ ನಿಜ. ಪುಸ್ತಕ ಇಡುವವರಿಗೆ ಒಂದು ಮಾತು: ಅದೇ ಭಾರಕ್ಕೆ ಆಧಾರಗಳ ನಡುವಿನ ದೂರ ಎರಡರಷ್ಟಾದರೆ ಹಲಗೆ ಜಗ್ಗುವುದು ಎರಡರಷ್ಟಲ್ಲ, ಎಂಟು ಪಟ್ಟು. ನಡುವೆ ಒಂದು ಆಧಾರ ಕೊಡಿ.

ಇವೆಲ್ಲ ನಮ್ಮ ಕಡೆ ಬಂದಿದ್ದು ಬರೀ ಫ್ಯಾಷನ್ನಿಂದ ಅಲ್ಲ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು. ಕೇಂದ್ರದ ಒಪ್ಪಿಗೆ ಇಲ್ಲದೆ ಕಾಡಿನೊಳಗೆ ನಡೆಯುತ್ತಿದ್ದ ಸಾಮಿಲ್, ಪ್ಲೈವುಡ್ ಮಿಲ್ಲುಗಳು ನಿಲ್ಲಬೇಕಾಯಿತು. ಕಾಡಿನ ದಿಮ್ಮಿಯ ಕಾಲ ಹೋಗಿ ಪೆರುಂಬಾವೂರಿನ ರಬ್ಬರ್ ಮರ, ಕಾಫಿ ತೋಟದ ಸಿಲ್ವರ್ ಓಕ್ ಪ್ಲೈವುಡ್ ಆಗತೊಡಗಿದವು. ಆ ಆದೇಶ ಬರಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಆಚಾರಿ ಹುಡುಗರು ಕೆಲಸ ಹುಡುಕಿ ಬೆಂಗಳೂರು ಬಸ್ ಹತ್ತಿದ್ದನ್ನೂ ನೋಡಿದ್ದೇನೆ.

ಈಗ ದೇವರಮನೆ ಬಾಗಿಲಿಗೆ ಎಂ.ಡಿ.ಎಫ್.ನಲ್ಲಿ ಕಂಪ್ಯೂಟರ್ ಮೆಷಿನ್ ಕೊರೆದ ಬಳ್ಳಿ, ಹೂವು ಬಂದಿದೆ. ಎಳೆ ಇಲ್ಲದ್ದರಿಂದಲೇ ಮೆಷಿನ್ ಯಾವ ಕಡೆಗೆ ಬೇಕಾದರೂ ಸಲೀಸಾಗಿ ಕೊರೆಯುತ್ತದೆ. ಪ್ಲೈವುಡ್ಡಿನಲ್ಲಿ ಹಾಗೆ ಕೆತ್ತಿದರೆ ಪದರಗಳು ಹಲ್ಲು ಕಿರಿಯುತ್ತವೆ. ಗುಡಿಗಾರರ ಊರಲ್ಲೇ ಎಳೆ ನೋಡುವ ಕಣ್ಣಿಗೆ ಕೆಲಸವಿಲ್ಲದ ಹಲಗೆ ಬಂದು ಕೂತಿದೆ.

ಹಳೆ ಮನೆಗಳ ಅಟ್ಟದ ಮುಚ್ಚಿಗೆ, ಭತ್ತದ ಪಣತ ಒಂದೊಂದಾಗಿ ಸೌದೆಯಾಗುತ್ತಿವೆ. ನಿಮ್ಮ ಮನೆಯಲ್ಲಿ ಇನ್ನೂ ಉಳಿದಿದ್ದರೆ ಅದು ಹಲಸೋ, ಹೊನ್ನೆಯೋ, ನಂದಿಯೋ ಹಿರಿಯರನ್ನು ಕೇಳಿ ತಿಳಿಸಿ. ಒಂದು ಪಟ್ಟಿ ಮಾಡುತ್ತಿದ್ದೇನೆ.