ಲಸಿಕೆ ಪಡೆದವರೇ ಉತ್ತರಿಸಬೇಕಾದಾಗ: ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಹಿನ್ನೆಲೆಯಲ್ಲಿ ಆರೋಗ್ಯ ವಿದ್ಯಾರ್ಥಿಗಳ ಮನೋಭಾವ

2021ರ ಜನವರಿ 16ರಂದು ದೇಶದಲ್ಲಿ ಕೋವಿಡ್ ಲಸಿಕೆ ಅಭಿಯಾನ ಆರಂಭವಾದಾಗ ಆರೋಗ್ಯ ಕಾರ್ಯಕರ್ತರ ಗುಂಪಿನಲ್ಲಿ ವೈದ್ಯಕೀಯ, ನರ್ಸಿಂಗ್ ಮತ್ತು ಅರೆವೈದ್ಯಕೀಯ ವಿದ್ಯಾರ್ಥಿಗಳನ್ನೂ ಸೇರಿಸಲಾಗಿತ್ತು; ಹೀಗಾಗಿ ವ್ಯಾಸಂಗ ಇನ್ನೂ ಮುಗಿಯದ ಈ ಯುವಜನರ ಸರದಿ ಅವರ ಮನೆಯ ಹಿರಿಯರಿಗಿಂತ ಮೊದಲೇ ಬಂದಿತು. ಲಸಿಕೆ ಲಭ್ಯವಿದ್ದರೂ ತಡಮಾಡುವುದನ್ನು ಅಥವಾ ನಿರಾಕರಿಸುವುದನ್ನು ‘ಲಸಿಕೆ ಹಿಂಜರಿಕೆ’ ಎಂದು ಕರೆಯುವ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಅದಕ್ಕೆ ನಂಬಿಕೆಯ ಕೊರತೆ, ರೋಗದ ಬಗೆಗಿನ ಉದಾಸೀನ ಮತ್ತು ಲಸಿಕೆ ಸುಲಭವಾಗಿ ಸಿಗದಿರುವುದು ಎಂಬ ಮೂರು ಕಾರಣಗಳನ್ನು ಗುರುತಿಸಿದ್ದಾರೆ.

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಿರುವ ಚಾಮರಾಜನಗರ ಜಿಲ್ಲೆಯಲ್ಲಿ 2020ರ ಜೂನ್‌ವರೆಗೆ ಒಂದು ಪ್ರಕರಣವೂ ವರದಿಯಾಗಿರಲಿಲ್ಲವಾದ್ದರಿಂದ ಉದಾಸೀನಕ್ಕೆ ಎಡೆಯಿತ್ತು. 2021ರ ಮೇ 2ರ ರಾತ್ರಿ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಿಂದ ರೋಗಿಗಳು ಸಾವಿಗೀಡಾದ ದುರಂತದ ನಂತರ ಆ ಉದಾಸೀನ ಉಳಿಯುವಂತಿರಲಿಲ್ಲ. ನಂಬಿಕೆಯ ಪ್ರಶ್ನೆ ಮಾತ್ರ ಇಷ್ಟು ಸರಳವಲ್ಲ. ಕೋವ್ಯಾಕ್ಸಿನ್‌ಗೆ ಮೂರನೇ ಹಂತದ ಪ್ರಯೋಗದ ಫಲಿತಾಂಶ ಹೊರಬರುವ ಮೊದಲೇ ತುರ್ತು ಅನುಮತಿ ದೊರೆತಿತ್ತು; ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವಿನ ಅಂತರ ಮಾರ್ಚ್‌ನಲ್ಲಿ 6ರಿಂದ 8 ವಾರಕ್ಕೂ ಮೇ ತಿಂಗಳಲ್ಲಿ 12ರಿಂದ 16 ವಾರಕ್ಕೂ ಹೆಚ್ಚಿತು. ಔಷಧ ಪರೀಕ್ಷೆಯ ಹಂತಗಳನ್ನು ಪಠ್ಯದಲ್ಲಿ ಓದಿದ ವಿದ್ಯಾರ್ಥಿ ಇಂಥಲ್ಲಿ ಪ್ರಶ್ನೆ ಎತ್ತಿದರೆ ಅದನ್ನು ಊರಿನ ಗಾಳಿಸುದ್ದಿಯೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಅದು ಶಿಕ್ಷಣ ಫಲಿಸಿದ್ದರ ಗುರುತು.

ಇಂಥ ಮನೋಭಾವವನ್ನು ಅಳೆಯಲು ‘ನೀವು ಲಸಿಕೆ ಪಡೆಯುವಿರಾ’ ಎಂದಷ್ಟೇ ಕೇಳುವ ಪ್ರಶ್ನಾವಳಿ ವಿದ್ಯಾರ್ಥಿಯನ್ನು ಫಲಾನುಭವಿಯಾಗಿ ಮಾತ್ರ ಕಾಣುತ್ತದೆ. ಆದರೆ ಈ ಮೂರು ತಾಲ್ಲೂಕುಗಳಲ್ಲಿ ಅವರು ನಾಳೆ ಜನರಿಗೆ ಉತ್ತರ ಹೇಳಬೇಕಾದವರು. ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಸೋಲಿಗ ಬುಡಕಟ್ಟಿನವರ ಪೋಡುಗಳಲ್ಲಿ, ಅಂದರೆ ಕಾಡಿನಂಚಿನ ಸಣ್ಣ ವಸತಿಗಳಲ್ಲಿ, ಸೂಜಿ ಹಾಕಿಸಿಕೊಂಡ ಮರುದಿನ ಜ್ವರ ಬಂದರೆ ಕೂಲಿ ತಪ್ಪುತ್ತದೆ. ಆ ಜ್ವರ ದೇಹದ ರೋಗನಿರೋಧಕ ವ್ಯವಸ್ಥೆ ಎಚ್ಚೆತ್ತ ಲಕ್ಷಣವೆಂದು ತಿಳಿಸಿದರಷ್ಟೇ ಸಾಲದು, ತಪ್ಪಿದ ಕೂಲಿಯ ಮಾತನ್ನೂ ಗೌರವದಿಂದ ಕೇಳಬೇಕು. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ 1981ರಿಂದ ಕೆಲಸ ಮಾಡುತ್ತಿರುವುದರಿಂದ ಅಲ್ಲಿ ಆರೋಗ್ಯ ಸಿಬ್ಬಂದಿಯ ಮುಖಪರಿಚಯ ಹಳೆಯದು. ನಂಬಿಕೆ ಬೆಳೆಯಲು ಬೇಕಾದ ಕಾಲಾವಧಿ ಇಂಥದ್ದು.

ಲಸಿಕೆ ಸುಲಭವಾಗಿ ಸಿಗುವ ಸಂಗತಿಯೂ ತಳಮಟ್ಟದ ಕೆಲಸದಲ್ಲೇ ತೀರ್ಮಾನವಾಗುತ್ತದೆ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕಾದ ಕೋವಿಶೀಲ್ಡ್‌ನ ಒಂದು ಸೀಸೆಯಲ್ಲಿ 10 ಡೋಸ್ ಇದ್ದು, ತೆರೆದ 4 ಗಂಟೆಯೊಳಗೆ ಅದು ಮುಗಿಯಬೇಕಿತ್ತು. ಪೋಡಿನಲ್ಲಿ ನಾಲ್ವರು ಮಾತ್ರ ಒಪ್ಪಿದಾಗ ಸೀಸೆ ತೆರೆಯಬೇಕೆ, ಅವರನ್ನು ಇನ್ನೊಂದು ದಿನ ಬರಹೇಳಬೇಕೆ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಟ್ಟು ಅವರ ಉತ್ತರವನ್ನೂ ಅದಕ್ಕೆ ಕೊಡುವ ಕಾರಣವನ್ನೂ ದಾಖಲಿಸುವ ಅಧ್ಯಯನವೇ ಈ ಸೀಮೆಗೆ ಬೇಕಾದದ್ದು.